ಹಾಡು ಕಳೆದುಕೊಂಡ ಯಮದೂತ

ಪಾಠ ಹೇಳುವವನಿಗೆ ಗಂಟಲೇ ಹೊಲ, ಗಂಟಲೇ ನೇಗಿಲು. ಇಪ್ಪತ್ತು ವರ್ಷ ತರಗತಿಗಳಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಓದಿ ಹೇಳಿದ ನನ್ನ ಗಂಟಲು ಕಳೆದ ಮಳೆಗಾಲದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಕಟ್ಟಿಹೋಯಿತು. ವೈದ್ಯರು ದೀಪ ಹಿಡಿದು ಒಳಗೆ ನೋಡಿ, ಹೆದರುವಂಥದೇನೂ ಇಲ್ಲವೆಂದೂ ಆದರೆ ಮೂರು ವಾರ ಪಿಸುಮಾತನ್ನು ಕೂಡ ಆಡಕೂಡದೆಂದೂ ಅಪ್ಪಣೆ ಮಾಡಿದರು. ಮನೆಯಲ್ಲಿ ಸ್ಲೇಟು ಬಳಪ ಹಿಡಿದು ಕಾಫಿ ಕೇಳುತ್ತಿದ್ದ ನನ್ನನ್ನು ನೋಡಲು ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳು, “ಸುಮ್ಮನೆ ಕೂತಿದ್ದೀರಲ್ಲ ಸಾರ್, ಇದನ್ನಾದರೂ ನೋಡಿ” ಎಂದು ಜಪಾನಿನ ಒಂದು ಚಿತ್ರಮಾಲೆಯನ್ನು ತೋರಿಸಿಕೊಟ್ಟು ಹೋದಳು. ದೊಡ್ಡ ಕಣ್ಣುಗಳು, ಬಣ್ಣಬಣ್ಣದ ಕೂದಲು, ಮೊಲದ ಕಿವಿ ತೊಟ್ಟ ಯಮದೂತೆ! ಮಕ್ಕಳಾಟವೆಂದು ನಕ್ಕು ನೋಡತೊಡಗಿದೆ. ಹತ್ತಾರು ಕಂತು ಕಳೆಯುವ ಹೊತ್ತಿಗೆ ಆ ನಗೆಗೆ ನಾನೇ ನಾಚಬೇಕಾಯಿತು.

ಚಿತ್ರಮಾಲೆಯ ಹೆಸರು ‘ಫುಲ್ ಮೂನ್ ಒ ಸಗಾಶಿತೆ’. ‘ಪೂರ್ಣಚಂದ್ರನನ್ನು ಅರಸುತ್ತ’ ಎಂದು ನಾವು ಹೇಳಿಕೊಳ್ಳಬಹುದು. ಇದರ ಮೂಲ ಅರಿನಾ ತಾನೆಮುರಾ ಎಂಬ ಲೇಖಕಿ ‘ರಿಬೊನ್’ ಎಂಬ ಬಾಲಿಕೆಯರ ಮಾಸಪತ್ರಿಕೆಯಲ್ಲಿ 2002ರಿಂದ 2004ರವರೆಗೆ ಬರೆದು ಚಿತ್ರಿಸಿದ ಕಥೆ. ಪುಸ್ತಕವಾಗಿ ಏಳು ಸಂಪುಟ. ಅದು ಇನ್ನೂ ಅಚ್ಚಾಗುತ್ತಿದ್ದಾಗಲೇ ಸ್ಟುಡಿಯೋ ಡೀನ್ ಸಂಸ್ಥೆ ತೊಶಿಯುಕಿ ಕಾಟೊ ಅವರ ನಿರ್ದೇಶನದಲ್ಲಿ ಅದನ್ನು ಚಲಿಸುವ ಚಿತ್ರವಾಗಿಸಿತು. ಜಪಾನೀಯರು ‘ಆನಿಮೆ’ ಎನ್ನುವ ಈ ಬಗೆಯಲ್ಲಿ 2002ರ ಏಪ್ರಿಲಿನಿಂದ 2003ರ ಮಾರ್ಚಿಯವರೆಗೆ ಟೀವೀ ಟೋಕಿಯೋದಲ್ಲಿ 52 ಕಂತುಗಳು ಬಂದವು. ಮೂಲ ಕಥೆ ಮುಗಿಯುವ ಮೊದಲೇ ಚಿತ್ರಮಾಲೆ ಮುಗಿದುದರಿಂದ ಎರಡರ ದಾರಿಗಳೂ ಕೊನೆಯಲ್ಲಿ ಬೇರೆಯಾಗುತ್ತವೆ. ಆ ಕೊನೆಗಳನ್ನು ಇಲ್ಲಿ ಹೇಳಿ ವಾಚಕರ ಕುತೂಹಲವನ್ನು ಕೆಡಿಸಲು ಹೋಗುವುದಿಲ್ಲ.

ಕಥೆಯ ಎಲುಬನ್ನು ಮಾತ್ರ ಹೇಳುತ್ತೇನೆ. ಮಿತ್ಸುಕಿ ಹನ್ನೆರಡು ವರ್ಷದ ಹುಡುಗಿ. ತಂದೆತಾಯಿ ಇಲ್ಲ. ಸಂಗೀತವೆಂದರೆ ಆಗದ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ಅನಾಥಾಲಯದಲ್ಲಿದ್ದಾಗ ಅವಳಿಗೆ ಎಯಿಚಿ ಎಂಬ ಹಿರಿಯ ಹುಡುಗನ ಸ್ನೇಹವಾಗಿತ್ತು. ಅವನು ನಕ್ಷತ್ರಗಳನ್ನು ಅಭ್ಯಾಸ ಮಾಡುವುದು, ಇವಳು ಗಾಯಕಿಯಾಗುವುದು, ಇದು ಇಬ್ಬರ ನಡುವಣ ಮಾತು. ಅವನು ಅಮೆರಿಕೆಗೆ ಹೋಗಿದ್ದಾನೆ. ಇವಳ ಗಂಟಲಿನಲ್ಲಿ ಗೆಡ್ಡೆ ಬೆಳೆದಿದೆ. ಶಸ್ತ್ರಚಿಕಿತ್ಸೆ ಮಾಡಿದರೆ ಜೀವ ಉಳಿದೀತು, ದನಿ ಉಳಿಯದು. ಹುಡುಗಿ ಶಸ್ತ್ರಚಿಕಿತ್ಸೆಗೆ ಒಲ್ಲೆನೆನ್ನುತ್ತಾಳೆ. ಆ ಹೊತ್ತಿನಲ್ಲಿ ತಕುತೊ, ಮೆರೊಕೊ ಎಂಬ ಇಬ್ಬರು ಯಮದೂತರು ಬಂದು, ನಿನಗೆ ಉಳಿದಿರುವುದು ಒಂದೇ ವರ್ಷವೆಂದು ಸಾರುತ್ತಾರೆ. ಹಾಗಿದ್ದರೆ ಆ ವರ್ಷದೊಳಗೆ ಹಾಡಿಬಿಡುತ್ತೇನೆಂದು ಅವಳು ಹಟ ಹಿಡಿಯುತ್ತಾಳೆ. ತಕುತೊ ತನ್ನ ಮಾಯೆಯಿಂದ ಅವಳಿಗೆ ಹದಿನಾರು ವರ್ಷದ ಆರೋಗ್ಯವಂತ ದೇಹವನ್ನು ಕೊಡುತ್ತಾನೆ. ಆ ಹೊಂಗೂದಲ ತರುಣಿ ‘ಫುಲ್ ಮೂನ್’ ಎಂಬ ಹೆಸರಿನಿಂದ ನಾಡಿನ ಅಚ್ಚುಮೆಚ್ಚಿನ ಗಾಯಕಿಯಾಗುತ್ತಾಳೆ. ಮಿತ್ಸುಕಿ ಎಂಬ ಹೆಸರನ್ನು ಜಪಾನೀ ಲಿಪಿಯಲ್ಲಿ ಬರೆಯುವುದು ಪೂರ್ಣಚಂದ್ರನೆಂಬ ಅರ್ಥದ ಅಕ್ಷರಗಳಿಂದಲೇ. ಹುಡುಗಿಯ ನಿಜನಾಮವೂ ಗಾಯಕಿಯ ವೇಷದ ಹೆಸರೂ ಅರ್ಥದಲ್ಲಿ ಒಂದೇ ಆಗಿವೆ.

ಜನಪ್ರಿಯ ಗಾಯಕಿಯ ಕಥೆಯೆಂದು ಹೆಸರಾದ ಈ ಕೃತಿಯಲ್ಲಿ ನನ್ನ ಮನಸ್ಸು ನಿಂತುದು ಗಾಯಕಿಯ ಮೇಲಲ್ಲ. ಅವಳ ಹಿಂದೆ ಮುಖ ಗಂಟಿಕ್ಕಿಕೊಂಡು ತೇಲುತ್ತಿರುವ ತಕುತೊವಿನ ಮೇಲೆ. ಯಮದೂತನಾಗುವ ಮೊದಲು ಅವನು ‘ರೂಟ್ ಎಲ್’ ಎಂಬ ಬ್ಯಾಂಡಿನ ಗಾಯಕನಾಗಿದ್ದ. ಮಿತ್ಸುಕಿಗೆ ಬಂದಿರುವಂಥದೇ ರೋಗ ಅವನ ಗಂಟಲಿಗೂ ಬಂತು. ಅವನು ಶಸ್ತ್ರಚಿಕಿತ್ಸೆಗೆ ಒಪ್ಪಿದ; ಜೀವ ಉಳಿಯಿತು, ದನಿ ಹೋಯಿತು. ದನಿಯಿಲ್ಲದ ಜೀವ ಅವನಿಗೆ ಬೇಡವಾಯಿತು. ಈ ಕಥೆಯ ಲೋಕದಲ್ಲಿ ತಾವಾಗಿ ಬದುಕಿಗೆ ಬೆನ್ನು ತಿರುಗಿಸಿದವರು ಯಮದೂತರಾಗುತ್ತಾರೆ, ಹಿಂದಿನ ನೆನಪು ಅವರಿಂದ ಅಳಿದುಹೋಗುತ್ತದೆ. ಆದ್ದರಿಂದ ಮಿತ್ಸುಕಿಯ ಮುಂದೆ ನಿಂತಾಗ ತಕುತೊವಿಗೆ ತಾನು ಯಾರೆಂಬುದೇ ತಿಳಿಯದು.

ಈ ಸನ್ನಿವೇಶವನ್ನು ಕೊಂಚ ಯೋಚಿಸಿ ನೋಡಬೇಕು. ದನಿ ಕೊಟ್ಟು ಜೀವ ಉಳಿಸಿಕೊಂಡವನು, ಜೀವ ಕೊಟ್ಟಾದರೂ ದನಿ ಉಳಿಸಿಕೊಳ್ಳುವೆನೆಂಬವಳ ಹಾಸಿಗೆಯ ಬಳಿಗೆ ಸಾವಿನ ದೂತನಾಗಿ ಬಂದಿದ್ದಾನೆ. ಒಂದೇ ಪ್ರಶ್ನೆಗೆ ಇಬ್ಬರು ಎರಡು ಉತ್ತರ ಕೊಟ್ಟರು. ಒಂದು ಉತ್ತರ ಸೋತುದನ್ನು ಅವನು ತನ್ನ ಮೈಯಲ್ಲೇ ಹೊತ್ತಿದ್ದಾನೆ. ಆದರೆ ಅದು ಅವನಿಗೆ ಮರೆತಿದೆ. ನಮ್ಮ ಕಠೋಪನಿಷತ್ತಿನ ಯಮನು ನಚಿಕೇತನಿಗೆ ಸಾವಿನ ಗುಟ್ಟನ್ನು ಬಿಡಿಸಿ ಹೇಳಬಲ್ಲ ಗುರು. ಈ ಯಮದೂತನಿಗೆ ತನ್ನ ಸಾವಿನ ಗುಟ್ಟೇ ಗೊತ್ತಿಲ್ಲ. ಅದನ್ನು ಅವನಿಗೆ ತಿಳಿಸಿಕೊಡುವ ಗುರು ಹನ್ನೆರಡರ ಹುಡುಗಿಯ ಹಾಡು. ಶಿಷ್ಯ ಯಾರು, ಗುರು ಯಾರು ಎಂಬುದು ತಲೆಕೆಳಗಾಗಿರುವುದೇ ಈ ಕಥೆಯ ಜೀವಾಳವೆಂದು ನನಗೆ ತೋರುತ್ತದೆ.

ಜಪಾನಿನಲ್ಲಿ ಯಮದೂತನಿಗೆ ‘ಶಿನಿಗಾಮಿ’ ಎಂದು ಹೆಸರು. ಅಲ್ಲಿ ‘ರಾಕುಗೊ’ ಎಂಬ ಒಂದು ಕಥನಕಲೆಯಿದೆ. ಒಬ್ಬನೇ ಕಲಾವಿದ ಮಂದಲಿಗೆಯ ಮೇಲೆ ಕುಳಿತು ಎಲ್ಲ ಪಾತ್ರಗಳನ್ನೂ ತಾನೇ ಆಡಿ ಕಥೆ ಹೇಳುತ್ತಾನೆ. ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಕಥೆಗಾರ ಸಾನ್ಯುತೇಯಿ ಎಂಚೊ ಯೂರೋಪಿನ ಒಂದು ಕಥೆಯನ್ನು ತನ್ನ ನಾಡಿಗೆ ಒಗ್ಗಿಸಿ ‘ಶಿನಿಗಾಮಿ’ ಎಂಬ ರಾಕುಗೊ ಕಟ್ಟಿದ. ಅದರಲ್ಲಿ ಯಮದೂತನು ರೋಗಿಯ ಕಾಲ ಬಳಿ ಕುಳಿತಿದ್ದರೆ ರೋಗಿ ಉಳಿಯುತ್ತಾನೆ, ತಲೆಯ ಬಳಿ ಕುಳಿತಿದ್ದರೆ ಉಳಿಯುವುದಿಲ್ಲ. ಬಡವನೊಬ್ಬ ಈ ಗುಟ್ಟು ತಿಳಿದು ವೈದ್ಯನ ಸೋಗು ಹಾಕುತ್ತಾನೆ. ಆಸೆ ಮಿತಿಮೀರಿದಾಗ ರೋಗಿಯ ಹಾಸಿಗೆಯನ್ನೇ ತಿರುಗಿಸಿ ಸಾವನ್ನು ವಂಚಿಸುತ್ತಾನೆ. ಕೊನೆಗೆ ತನ್ನ ಆಯುಸ್ಸಿನ ಮೇಣದಬತ್ತಿಯ ಮುಂದೆ ನಡುಗುತ್ತ ನಿಲ್ಲಬೇಕಾಗುತ್ತದೆ. ಆ ಹಳೆಯ ಶಿನಿಗಾಮಿ ಬರಿಯ ಲೆಕ್ಕದವನು. ಅವನಿಗೆ ಹಿಂದಿಲ್ಲ, ಮುಂದಿಲ್ಲ, ದುಃಖವಿಲ್ಲ. ತಾನೆಮುರಾ ಅವನಿಗೆ ಬೆಕ್ಕಿನ ಕಿವಿ ತೊಡಿಸಿ ನಗೆಯ ಪಾತ್ರವಾಗಿಸಿದ್ದಾರೆ. ಜತೆಗೆ ಒಂದು ಪೂರ್ವಜೀವನವನ್ನೂ ಕೊಟ್ಟಿದ್ದಾರೆ. ಲೆಕ್ಕದವನಿಗೆ ನೆನಪು ಬಂದರೆ ಲೆಕ್ಕ ತಪ್ಪುತ್ತದೆ. ತಕುತೊ ರೋಗಿಯ ತಲೆಯ ಬಳಿಯೂ ಕೂರುವುದಿಲ್ಲ, ಕಾಲ ಬಳಿಯೂ ಕೂರುವುದಿಲ್ಲ. ರೋಗಿಯನ್ನು ಎಬ್ಬಿಸಿಕೊಂಡು ಹಾಡಿನ ಪರೀಕ್ಷೆಗೆ ಹೊರಡುತ್ತಾನೆ.

ಗಾಯಕಿ ‘ಐಡಲ್’ ಆಗುವುದೆಂದರೇನು ಎಂಬುದನ್ನೂ ಇಲ್ಲಿ ಹೇಳಬೇಕು. ಆ ಇಂಗ್ಲಿಷ್ ಶಬ್ದ ಜಪಾನೀಯರ ಬಾಯಲ್ಲಿ ‘ಐದೊರು’ ಆಗಿದೆ. 1964ರಲ್ಲಿ ಅಲ್ಲಿ ತೆರೆಕಂಡ ಫ್ರೆಂಚ್ ಚಿತ್ರವೊಂದರಿಂದ ಈ ಶಬ್ದ ಮನೆಮಾತಾಯಿತೆಂದು ಹೇಳುತ್ತಾರೆ. ಆ ಚಿತ್ರದ ಜಪಾನೀ ಹೆಸರಿನ ಅರ್ಥ ‘ಐಡಲನ್ನು ಹುಡುಕಿ’. ನಮ್ಮ ಚಿತ್ರಮಾಲೆಯ ಹೆಸರಿನಲ್ಲೂ ಅದೇ ‘ಹುಡುಕು’ ಎಂಬ ಕ್ರಿಯಾಪದವಿರುವುದು ಆಕಸ್ಮಿಕವೇ ಇರಬಹುದು, ಆದರೆ ಸೊಗಸಾದ ಆಕಸ್ಮಿಕ. ಎಪ್ಪತ್ತರ ದಶಕದಲ್ಲಿ ಟೆಲಿವಿಷನ್ನಿನ ಸ್ಪರ್ಧೆಗಳಿಂದ ಎಳೆಯ ಗಾಯಕಿಯರು ಮೇಲೆ ಬಂದರು. ಅವರಲ್ಲಿ ಮೊಮೊಯೆ ಯಾಮಾಗುಚಿ 1973ರಲ್ಲಿ ಹದಿನಾಲ್ಕನೆಯ ವಯಸ್ಸಿನಲ್ಲಿ ಹಾಡಲು ತೊಡಗಿ, 1980ರ ಅಕ್ಟೋಬರ್ 5ರಂದು ಬುದೊಕಾನ್ ಸಭಾಂಗಣದಲ್ಲಿ ಕೊನೆಯ ಬಾರಿ ಹಾಡಿ, ಕೈಯಲ್ಲಿದ್ದ ಮೈಕನ್ನು ವೇದಿಕೆಯ ನೆಲದ ಮೇಲಿರಿಸಿ ಹೊರಟುಹೋದಳು. ಆಗ ಅವಳಿಗೆ ಇಪ್ಪತ್ತೊಂದು. ಮದುವೆಯಾಗಿ ಮನೆ ಸೇರಿದ ಅವಳು ಮತ್ತೆ ರಂಗಕ್ಕೆ ಬರಲಿಲ್ಲ. ಐಡಲಿನ ದನಿ ಅವಳದೇ ಆದರೂ ಅವಳೊಬ್ಬಳದೇ ಅಲ್ಲ. ಅದರಲ್ಲಿ ಲಕ್ಷ ಜನರ ಕನಸಿನ ಪಾಲಿದೆ. ಅದನ್ನು ಕೆಳಗಿಡಬೇಕಾದರೂ ಸಭೆ ಕೂಡಿಸಿ ಕೆಳಗಿಡಬೇಕು.

ಬ್ಯಾಂಡಿನ ಗಾಯಕನ ರೀತಿ ಬೇರೆ. ಅವನು ತನ್ನ ಎದೆಯ ಬೇಗೆಯನ್ನೇ ಹಾಡುತ್ತಾನೆಂದು ಕೇಳುವವರ ನಂಬಿಕೆ. ಅವನು ನಗಬೇಕಾಗಿಲ್ಲ. ಅವನ ಸಿಡುಕೇ ಅವನ ಸತ್ಯಕ್ಕೆ ಸಾಕ್ಷಿಯೆಂದು ಜನ ತಿಳಿಯುತ್ತಾರೆ. ಐಡಲುಗಳ ಕಥೆಗಳಲ್ಲಿ ಇಂಥ ಕಪ್ಪುಮೋರೆಯ ಸಂಗೀತಗಾರನೊಬ್ಬನನ್ನು ಮೂಲೆಯಲ್ಲಿ ನಿಲ್ಲಿಸುವುದು ರೂಢಿಯೇ ಆಗಿದೆ. ಸಿಹಿಯೂಟದ ನಡುವೆ ಉಪ್ಪಿನಕಾಯಿಯಂತೆ ಅವನು ಇರುತ್ತಾನೆ. ಬಹುಪಾಲು ಕಡೆ ಆ ಗಂಭೀರತೆ ಉಡುಪಿನ ಗಂಭೀರತೆ. ಕೂದಲಿನ ಬಣ್ಣದಂತೆ ಅದೂ ಒಂದು ಬಣ್ಣ. ಅವನ ಮುನಿಸಿಗೆ ಕಾರಣವನ್ನು ಕಥೆ ಕೇಳುವುದಿಲ್ಲ. ಕೇಳಿದರೂ ಒಂದು ಕಂತಿನಲ್ಲಿ ಹೇಳಿ ಮುಗಿಸುತ್ತದೆ.

ತಕುತೊವಿನ ಮುನಿಸು ಹಾಗಲ್ಲ. ಅದರ ಬೇರು ಅವನಿಗೇ ಕಾಣದ ಕಡೆ ಇದೆ. ಮೊದಮೊದಲು ಅವನು ದುಡುಕಿನ ಹುಡುಗನಂತೆ ಕಾಣುತ್ತಾನೆ: ಹೊಸದಾಗಿ ಕೆಲಸಕ್ಕೆ ಸೇರಿದ ಯಮದೂತ, ಜತೆಗಾತಿ ಮೆರೊಕೊವಿನೊಡನೆ ಸದಾ ಜಗಳ, ಈ ಜೋಡಿಗೆ ‘ನೆಗಿ ರಾಮೆನ್’ ಎಂಬ ಹೆಸರು ಬೇರೆ, ಎಂದರೆ ಈರುಳ್ಳಿಸೊಪ್ಪು ಹಾಕಿದ ಶಾವಿಗೆಸಾರು! ಹೀಗೆ ನಗಿಸುತ್ತಲೇ ಕಥೆ ಅವನ ಸುತ್ತ ಮಸುಕನ್ನು ಕವಿಸುತ್ತ ಹೋಗುತ್ತದೆ. ಮಿತ್ಸುಕಿಯ ಹಾಡು ಕೇಳಿದಂತೆಲ್ಲ ಅವನೊಳಗೆ ಏನೋ ಕದಲುತ್ತದೆ. ಅದು ಇನ್ನೂ ನೆನಪಲ್ಲ, ನೆನಪಿನ ನೋವು. ಕತ್ತರಿಸಿದ ಕೈಯ ಬೆರಳು ನೋಯುತ್ತದೆಂದು ಹೇಳುವ ರೋಗಿಗಳನ್ನು ನಾವು ಕೇಳಿಬಲ್ಲೆವು. ಇವನಲ್ಲಿ ಇಲ್ಲವಾದ ದನಿಯೇ ನೋಯುತ್ತಿದೆ.

ಕಥೆಗಾರ್ತಿ ಇಲ್ಲಿ ಒಂದು ಬಿಗಿಯಾದ ನಿಯಮವನ್ನು ಮಾಡಿದ್ದಾರೆ. ಯಮದೂತನಿಗೆ ಪೂರ್ವಜೀವನ ಪೂರ್ತಿಯಾಗಿ ನೆನಪಾದರೆ ಅವನು ಈಗಿನ ರೂಪದಲ್ಲಿ ಉಳಿಯಲಾರ. ಆದ್ದರಿಂದ ಹಾಡು ಅವನಿಗೆ ಅಮೃತವೂ ಹೌದು, ವಿಷವೂ ಹೌದು. ಹಾಡು ಕೇಳಿದರೆ ತಾನು ಯಾರೆಂದು ತಿಳಿಯುತ್ತದೆ. ತಿಳಿದರೆ ತಾನು ಇಲ್ಲವಾಗುತ್ತಾನೆ. ಮಿತ್ಸುಕಿಯ ಗತಿಯೂ ಇದೇ ಅಲ್ಲವೆ? ಹಾಡಿದರೆ ಅವಳು ತಾನಾಗುತ್ತಾಳೆ. ಹಾಡಲೆಂದೇ ಚಿಕಿತ್ಸೆ ಬಿಟ್ಟು ಇಲ್ಲವಾಗುತ್ತ ಹೋಗುತ್ತಾಳೆ. ಹೀಗೆ ಇಬ್ಬರ ಪಾಡನ್ನು ಎದುರುಬದುರು ಕನ್ನಡಿಗಳಂತೆ ನಿಲ್ಲಿಸಿರುವುದರಲ್ಲಿ ಕೃತಿಯ ಬಂಧದ ಬಲವಿದೆ. ಅವಳಿಗೆ ವೈದ್ಯನಾಗಿರುವ ವಾಕಾಓಜಿ ಹಿಂದೆ ಅದೇ ರೂಟ್ ಎಲ್ ಬ್ಯಾಂಡಿನಲ್ಲಿದ್ದವನು. ಅವಳ ಸತ್ತುಹೋದ ತಂದೆಯೂ ಆ ಬ್ಯಾಂಡಿನವನೇ. ಎಲ್ಲ ಎಳೆಗಳೂ ಒಂದೇ ತಂಡಕ್ಕೆ ಬಂದು ಸೇರುವುದು ಕಾಕತಾಳೀಯದ ಅತಿರೇಕವೆಂದು ಒಪ್ಪುತ್ತೇನೆ. ಆದರೂ ಸಂಗೀತವನ್ನು ಬಿಟ್ಟು ವೈದ್ಯನಾದವನೊಬ್ಬ, ದನಿಯನ್ನು ಬಿಟ್ಟು ಜೀವವನ್ನಾರಿಸಿಕೊ ಎಂದು ಗೆಳೆಯನ ಮಗಳಿಗೆ ಹೇಳಬೇಕಾಗಿ ಬರುವ ಸಂಕಟ ಹುಸಿಯದಲ್ಲ.

ತಕುತೊವಿನ ಪಾತ್ರ ಎತ್ತರಕ್ಕೇರುವುದು ಅವನು ಮಿತ್ಸುಕಿ ಬದುಕಬೇಕೆಂದು ಬಯಸತೊಡಗಿದಾಗ. ಯಮದೂತನಾದವನಿಗೆ ಇದು ವೃತ್ತಿದ್ರೋಹ. ಅದು ಹೋಗಲಿ, ಅವನ ಬಾಯಿಗೆ ಈ ಮಾತು ಹೇಗೆ ಒಪ್ಪೀತು? ದನಿ ಹೋದ ಮೇಲೂ ಬದುಕು ಎಂದು ಹೇಳಲು ಯಾರಿಗೆ ಅಧಿಕಾರ? ದನಿ ಹೋದ ಮೇಲೆ ಬದುಕಿ ತೋರಿಸಿದವನಿಗೆ. ತಕುತೊ ಬದುಕಿ ತೋರಿಸಲಿಲ್ಲ. ತಾನು ಹೊರಲಾರದೆ ಇಳಿಸಿದ ಭಾರವನ್ನು ಹನ್ನೆರಡರ ಮಗು ಹೊರಲೆಂದು ಬಯಸುವುದು ಒಂದು ಬಗೆಯ ಕ್ರೌರ್ಯ. ಹಾಗೆ ಬಯಸದೆ ಅವಳನ್ನು ಸಾಯಲು ಬಿಡುವುದು ಇನ್ನೂ ದೊಡ್ಡ ಕ್ರೌರ್ಯ. ನೆನಪು ಮರಳುತ್ತಿರುವ ತಕುತೊ ಈ ಎರಡರ ನಡುವೆ ಸಿಕ್ಕಿ ಮುಖ ಗಂಟಿಕ್ಕುತ್ತಾನೆ. ಆಗ ಅವನ ಮೌನವನ್ನು ಯಾರೂ ವೇಷವೆನ್ನಲಾರರು. ಮೂಕತನ ಬೇರೆ, ಮೌನ ಬೇರೆ. ರೋಗ ಅವನಿಗೆ ಮೂಕತನವನ್ನು ಕೊಟ್ಟಿತ್ತು. ಮಿತ್ಸುಕಿಯ ಮೇಲಿನ ಅಕ್ಕರೆ ಅವನಿಗೆ ಮೌನವನ್ನು ಕಲಿಸುತ್ತದೆ.

ದನಿಯನ್ನು ಈ ಚಿತ್ರಮಾಲೆ ಬಳಸಿಕೊಂಡಿರುವ ಬಗೆಯೂ ಗಮನಿಸತಕ್ಕದ್ದು. ಮಿತ್ಸುಕಿಗೆ ಮಾತನ್ನೂ ಹಾಡನ್ನೂ ಕೊಟ್ಟವರು ಮೈಕೊ ಎಂಬ ಗಾಯಕಿ. ‘ಚೇಂಜಿನ್ ಮೈ ಲೈಫ್’ ಎಂಬ ತಂಡದ ಹಾಡುಗಾರ್ತಿ. ಹನ್ನೆರಡರ ರೋಗಿಯೂ ಹದಿನಾರರ ತಾರೆಯೂ ಒಂದೇ ಗಂಟಲಿನಿಂದ ಮಾತನಾಡುತ್ತಾರೆ. ದೇಹ ಮಾಯೆಯದು, ದನಿ ಮಾತ್ರ ನಿಜವೆಂಬ ಭಾವ ಇದರಿಂದ ಕಿವಿಯ ಮೂಲಕವೇ ಮನಸ್ಸಿಗೆ ಇಳಿಯುತ್ತದೆ. ಐಡಲುಗಳ ಲೋಕದ ಮೇಲೆ ಇದು ಒಂದು ಟೀಕೆಯೂ ಹೌದು. ಸಾವಿರಾರು ಜನ ಆರಾಧಿಸುವ ಆ ತರುಣಿ ಎಲ್ಲಿಯೂ ಇಲ್ಲ. ಇರುವುದು ಗಂಟಲು ನೋಯುವ ಒಂದು ಮಗು. ಇತ್ತ ಒಂದು ಕಾಲಕ್ಕೆ ಮನೆಮಾತಾದ ಗಾಯಕ ತಕುತೊವಿನ ಹಾಡಿಗಿಂತ ಮಾತು ನಮಗೆ ಹೆಚ್ಚಾಗಿ ಕೇಳುತ್ತದೆ. ದನಿಯುಳ್ಳವಳಿಗೆ ತನ್ನ ದೇಹವಿಲ್ಲ. ದೇಹ ಉಳಿಸಿಕೊಂಡವನಿಗೆ ದನಿ ಇರಲಿಲ್ಲ. ಇಬ್ಬರೂ ಅರೆಮನುಷ್ಯರು. ಜತೆಗೂಡಿದಾಗ ಮಾತ್ರ ಒಂದು ಪೂರ್ಣಬಿಂಬ.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನು ಹೇಳದಿದ್ದರೆ ವಿಮರ್ಶೆ ವಂದಿಮಾಗಧರ ಕೆಲಸವಾದೀತು. ಐವತ್ತೆರಡು ಕಂತುಗಳು ಈ ಕಥೆಗೆ ಹೆಚ್ಚು. ಎದುರಾಳಿ ಗಾಯಕಿ, ಅವಳು ಸಾಕಿದ ಹಂದಿಮರಿ, ಸ್ಪರ್ಧೆ, ಹೊಟ್ಟೆಕಿಚ್ಚು, ರಾಜಿ ಎಂದು ನಡುವಣ ಭಾಗ ಸಂತೆಯ ದಾರಿಯಂತೆ ಬಳಸಿ ಬಳಸಿ ಹೋಗುತ್ತದೆ. ಯಮಲೋಕದ ಕಟ್ಟಳೆಗಳು ಬೇಕಾದಾಗ ಬಿಗಿಯಾಗಿ ಬೇಡವಾದಾಗ ಸಡಿಲುತ್ತವೆ. ಎಯಿಚಿ ಬದುಕಿಲ್ಲವೆಂಬ ಸಂಗತಿ ಹೊರಬಿದ್ದ ಮೇಲೆ ಕಥೆಯ ದುಃಖ ಆಳವಾಗುವುದು ನಿಜ. ಆದರೆ ಅಲ್ಲಿಂದ ಮುಂದೆ ತಕುತೊವಿನ ಪ್ರಶ್ನೆ ಬರಬರುತ್ತ ಪ್ರೇಮದ ಪ್ರಶ್ನೆಯಾಗಿ ಕಿರಿದಾಗುತ್ತದೆ. ಅವನು ಅವಳನ್ನು ಒಲಿದಿದ್ದಾನೆಯೆ, ಅವಳು ಅವನನ್ನು ಒಲಿಯುವಳೆ, ಮೆರೊಕೊವಿನ ಗತಿಯೇನು ಎಂಬ ಕುತೂಹಲ ಮುಂದೆ ಬಂದು, ದನಿ ಹೋದ ಮೇಲೂ ಮನುಷ್ಯ ಉಳಿಯುತ್ತಾನೆಯೆ ಎಂಬ ಮೂಲ ಪ್ರಶ್ನೆ ಹಿಂದೆ ಸರಿಯುತ್ತದೆ. ಬಾಲಿಕೆಯರ ಪತ್ರಿಕೆಗೆ ಬರೆದ ಕಥೆಯಲ್ಲಿ ಇದು ಸಹಜವೆನ್ನಬಹುದು. ಸಹಜವಾದುದೆಲ್ಲ ಸಾರ್ಥಕವಾಗಬೇಕೆಂದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ದನಿ ಹೋಗುವುದೆಂದರೆ ಎಲ್ಲವೂ ಹೋಗುವುದೆಂದೇ ಕೃತಿ ತಿಳಿದಂತಿದೆ. ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡು ಕತ್ತಿನ ರಂಧ್ರದಿಂದ ಉಸಿರಾಡುತ್ತ ಬದುಕುವವರು ಲೋಕದಲ್ಲಿ ಎಷ್ಟೋ ಮಂದಿಯಿದ್ದಾರೆ. ಅವರು ಅನ್ನನಾಳದಿಂದ ದನಿ ಹೊರಡಿಸುವುದನ್ನು ಕಲಿಯುತ್ತಾರೆ, ಕತ್ತಿಗೆ ಒತ್ತಿ ಹಿಡಿಯುವ ಸಣ್ಣ ಯಂತ್ರದಿಂದ ಮಾತನಾಡುತ್ತಾರೆ, ಬರೆದು ತೋರಿಸುತ್ತಾರೆ. ಹಾಡು ಮರಳದಿರಬಹುದು, ಮಾತು ಒರಟಾಗಬಹುದು. ಮನೆಯವರನ್ನು ಕರೆಯಲು, ಸಿಟ್ಟಾಗಲು, ನಗಿಸಲು ಅದು ಸಾಕು. ತಕುತೊ ಶಸ್ತ್ರಚಿಕಿತ್ಸೆಯಿಂದ ಎಚ್ಚತ್ತ ದಿನಕ್ಕೂ ಬದುಕನ್ನು ಬಿಟ್ಟ ದಿನಕ್ಕೂ ನಡುವೆ ಇದ್ದ ದಿನಗಳು ಹೇಗಿದ್ದವು? ಯಾರು ಅವನ ಪಕ್ಕದಲ್ಲಿ ಕುಳಿತರು? ಏನನ್ನು ಬರೆದು ತೋರಿಸಿದ? ಕೃತಿ ಆ ದಿನಗಳನ್ನು ಮೇಲೆ ಮೇಲೆ ಮುಟ್ಟಿ ದಾಟುತ್ತದೆ. ಆ ದಿನಗಳೇ ಕಾದಂಬರಿಯ ನಿಜವಾದ ಹೊಲ. ಅಲ್ಲಿ ಉತ್ತಿದ್ದರೆ ಈ ಚಿತ್ರಮಾಲೆ ಒಳ್ಳೆಯದಾಗಿರುವುದಷ್ಟೇ ಅಲ್ಲ, ದೊಡ್ಡದಾಗಬಹುದಿತ್ತು.

ಕಥೆ ಬಿಟ್ಟ ಆ ಭಾಗವನ್ನು ಅದೇ ನಾಡಿನಲ್ಲಿ ಬದುಕು ಬರೆದು ತೋರಿಸಿತು. ‘ಶರಾನ್ ಕ್ಯೂ’ ಎಂಬ ರಾಕ್ ಬ್ಯಾಂಡಿನ ಗಾಯಕ ತ್ಸುಂಕು ಎಂಬವರ ಹೆಸರನ್ನು ಜಪಾನಿನ ಸಂಗೀತ ಬಲ್ಲವರು ಕೇಳಿರುತ್ತಾರೆ. 1992ರಲ್ಲಿ ಆ ಬ್ಯಾಂಡಿನ ಮೊದಲ ಮುದ್ರಿಕೆ ಬಂತು. 1997ರಲ್ಲಿ ‘ಮೋರ್ನಿಂಗ್ ಮುಸುಮೆ’ ಎಂಬ ಎಳೆಯ ಗಾಯಕಿಯರ ತಂಡ ಟೆಲಿವಿಷನ್ ಕಾರ್ಯಕ್ರಮವೊಂದರಿಂದ ಹುಟ್ಟಿದಾಗ ಅದನ್ನು ಕಟ್ಟಿ ಬೆಳೆಸುವ ಹೊಣೆ ಇವರ ಮೇಲೆ ಬಿತ್ತು. ಆ ಹುಡುಗಿಯರಿಗಾಗಿ ಪದ ಬರೆದು ರಾಗ ಹಾಕಿದವರು ಇವರೇ. ತಕುತೊವಿನಂತೆ ಬ್ಯಾಂಡಿನ ಗಾಯಕ, ತಕುತೊವಿನಂತೆಯೇ ಐಡಲುಗಳ ಬೆನ್ನ ಹಿಂದೆ ನಿಂತವರು. ನಮ್ಮ ಚಿತ್ರಮಾಲೆ ಮುಗಿದು ಹನ್ನೊಂದು ವರ್ಷದ ಮೇಲೆ, 2014ರ ಮಾರ್ಚಿಯಲ್ಲಿ, ತಮ್ಮ ಗಂಟಲಿಗೆ ಕ್ಯಾನ್ಸರ್ ಬಂದಿದೆಯೆಂದು ಅವರು ಪ್ರಕಟಿಸಿದರು. ಮೊದಲ ಚಿಕಿತ್ಸೆಯಿಂದ ಗುಣವಾಯಿತೆಂದುಕೊಳ್ಳುವಷ್ಟರಲ್ಲಿ ರೋಗ ಮತ್ತೆ ತಲೆಯೆತ್ತಿತು.

2015ರ ಏಪ್ರಿಲ್ 4ರಂದು, ತಾವು ಹಿಂದೆ ಓದಿದ್ದ ಕಿಂಕಿ ವಿಶ್ವವಿದ್ಯಾಲಯದಲ್ಲಿ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಸಮಾರಂಭಕ್ಕೆ ತ್ಸುಂಕು ಬಂದರು. ವೇದಿಕೆಯ ಮೇಲೆ ನಿಂತರು; ಬಾಯಿ ತೆರೆಯಲಿಲ್ಲ. ಅವರ ಭಾಷಣ ತೆರೆಯ ಮೇಲೆ ಅಕ್ಷರಗಳಾಗಿ ಮೂಡುತ್ತ ಹೋಯಿತು. ಗಾಯಕನಾಗಿ ತಾವು ಎಲ್ಲಕ್ಕಿಂತ ಹೆಚ್ಚೆಂದು ಕಾಪಾಡಿಕೊಂಡು ಬಂದ ದನಿಯನ್ನು ತೊರೆದು ಬದುಕುವ ದಾರಿಯನ್ನು ಆರಿಸಿಕೊಂಡೆನೆಂದು ಅವರು ಆ ಎಳೆಯರಿಗೆ ತಿಳಿಸಿದರು. ದನಿಪಟಲಗಳನ್ನು ತೆಗೆಸಿಕೊಂಡ ಸುದ್ದಿ ಲೋಕಕ್ಕೆ ತಿಳಿದುದು ಹೀಗೆ. ಮೊಮೊಯೆ ಯಾಮಾಗುಚಿ ಮೈಕನ್ನು ನೆಲದ ಮೇಲಿರಿಸಿದಳು. ಇವರು ಗಂಟಲನ್ನೇ ಇರಿಸಿ ಬಂದಿದ್ದರು. ಆಮೇಲೂ ಅವರು ಹಾಡು ಕಟ್ಟುವುದನ್ನು ಬಿಡಲಿಲ್ಲ. ಅವರು ಬರೆದುದನ್ನು ಬೇರೆಯವರು ಹಾಡಿದರು.

ಈ ಸಂಗತಿಯನ್ನು ತಿಳಿದ ಮೇಲೆ ತಕುತೊವಿನ ಪಾತ್ರ ನನಗೆ ಬೇರೆಯಾಗಿ ಕಂಡಿತು. ಕಲ್ಪನೆಯ ಗಾಯಕನನ್ನು ನಿಜವಾದ ಗಾಯಕನ ಪಕ್ಕದಲ್ಲಿ ನಿಲ್ಲಿಸಿ, ಇವನು ಹೇಡಿ, ಅವರು ಧೀರರು ಎಂದು ಅಂಕ ಹಾಕುವುದು ನನ್ನ ಉದ್ದೇಶವಲ್ಲ. ನೋವಿಗೆ ಅಂಕ ಹಾಕುವುದು ಅನ್ಯಾಯ. ಒಬ್ಬರ ವಯಸ್ಸು ನಲವತ್ತು ದಾಟಿತ್ತು. ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ಹಾಡನ್ನು ಕಟ್ಟಿ ಇತರರ ಬಾಯಿಗೆ ಕೊಡುವ ಅಭ್ಯಾಸ ಬಹುಕಾಲದಿಂದ ಇತ್ತು. ತಕುತೊ ಇನ್ನೂ ಹುಡುಗ. ತಾನೆಂದರೆ ತನ್ನ ದನಿ, ದನಿಯೆಂದರೆ ತಾನು ಎಂದು ನಂಬಿದವನು; ಕೇಳುವ ಜನವೂ ಅವನನ್ನು ಹಾಗೆಯೇ ನಂಬಿಸಿತು. ಎದೆಯ ಬೇಗೆಯನ್ನೇ ಹಾಡುವವನೆಂದು ಒಬ್ಬನನ್ನು ಪೀಠದ ಮೇಲೆ ಕೂರಿಸಿದ ಮೇಲೆ, ಹಾಡು ನಿಂತಾಗ ಅವನ ಎದೆಯಲ್ಲಿ ಏನು ಉಳಿಯಿತೆಂದು ಕೇಳಲು ಯಾರೂ ಹೋಗುವುದಿಲ್ಲ. ಐಡಲಿನ ನಗೆ ಹೇಗೆ ಒಂದು ಸೆರೆಯೋ ಬ್ಯಾಂಡಿನ ಗಾಯಕನ ಸಿಡುಕೂ ಹಾಗೆಯೇ ಒಂದು ಸೆರೆ. ತಕುತೊ ಅದರೊಳಗೇ ಇದ್ದು ಅದರೊಳಗೇ ಹೋದ. ಯಮದೂತನಾದ ಮೇಲೆ, ಎಲ್ಲ ಮರೆತ ಮೇಲೆ, ಇನ್ನೊಬ್ಬರ ಹಾಡಿಗಾಗಿ ಓಡಾಡುವಾಗ ಅವನು ಆ ಸೆರೆಯಿಂದ ಮೊದಲ ಬಾರಿ ಹೊರಬರುತ್ತಾನೆ. ಮಿತ್ಸುಕಿಗೆ ದೇಹ ಕೊಟ್ಟು ಅವಳ ದನಿಯನ್ನು ಲೋಕಕ್ಕೆ ಮುಟ್ಟಿಸುವುದು ಅವನಿಂದಾದ ಅತ್ಯುತ್ತಮ ಸಂಗೀತ. ಅದರಲ್ಲಿ ಅವನ ಗಂಟಲಿನ ಪಾಲು ಏನೂ ಇಲ್ಲ.

ಚಿತ್ರಮಾಲೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಹುಶಃ ತಾನು ಹೇಳುತ್ತಿರುವುದು ಅದಕ್ಕೇ ಪೂರ್ತಿ ಗೊತ್ತಿಲ್ಲ. ಆದರೂ ಸಹೃದಯನ ಕಿವಿಗೆ ಅದು ಕೇಳುತ್ತದೆ. ಜನಪ್ರಿಯ ಕೃತಿಗಳನ್ನು ಓದುವಾಗ, ನೋಡುವಾಗ ನಮಗೆ ಇರಬೇಕಾದ ತಾಳ್ಮೆ ಇದೇ ಅಲ್ಲವೆ? ಮೊಲದ ಕಿವಿ, ಹಂದಿಮರಿ, ಹೊಂಗೂದಲುಗಳ ಗದ್ದಲದಲ್ಲಿ ಒಂದು ನಿಜವಾದ ಪ್ರಶ್ನೆ ಮುಖ ಗಂಟಿಕ್ಕಿಕೊಂಡು ನಿಂತಿರಬಹುದು. ಗದ್ದಲವನ್ನು ನೋಡಿ ಬಾಗಿಲು ಹಾಕಿಕೊಂಡರೆ ಆ ಪ್ರಶ್ನೆಯೂ ಹೊರಗೇ ಉಳಿಯುತ್ತದೆ.

ಮೂರು ವಾರ ಕಳೆದು ನಾನು ಮತ್ತೆ ತರಗತಿಗೆ ಹೋದೆ. ಗಂಟಲು ಸರಿಯಾಗಿತ್ತಾದರೂ ಪದ್ಯವನ್ನು ಎತ್ತಿ ಹಾಡುವಷ್ಟು ಕಸುವಿರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳಿಗೆ ಓದಲು ಹೇಳಿದೆ. ಇಪ್ಪತ್ತು ವರ್ಷ ನನ್ನ ಬಾಯಿಂದಲೇ ಕೇಳಿಬಂದ ಪದ್ಯವನ್ನು ಅಂದು ಅವಳ ಬಾಯಿಂದ ಕೇಳಿದೆ. ಅವಳು ಎರಡು ಕಡೆ ತಪ್ಪು ಉಸಿರೆಳೆದಳು. ಒಂದು ಕಡೆ ನನಗೆ ಎಂದೂ ಹೊಳೆಯದಿದ್ದ ಒತ್ತನ್ನು ಕೊಟ್ಟಳು. ನಾನು ಸುಮ್ಮನೆ ನಿಂತು ಕೇಳಿದೆ. ಪದ್ಯಕ್ಕೆ ಏನೂ ಕಡಿಮೆಯಾಗಿರಲಿಲ್ಲ.